ಎರಡನೇ ಸಲ ಕಾಣುವ ತನಕ

ಹಣಕೋಣದಿಂದ ನಾಲ್ಕು ಜನ ಅಂಕೋಲೆಯ ನನ್ನ ಮನೆ ಹುಡುಕಿಕೊಂಡು ಬಂದರು. ಊರಿನ ಯುವಕ ಸಂಘದವರು. ಗಡಿಯಲ್ಲಿ ಸತ್ತ ತಮ್ಮೂರಿನ ಸೈನಿಕನ ನೆನಪಿಗೆ ಶಾಲೆಯ ಎದುರು ಕಟ್ಟೆ ಕಟ್ಟಿದ್ದೇವೆ, ಅದನ್ನು ತೆರೆಯುವ ದಿನ ಅವನ ಹೆಂಡತಿಗೂ ನಿಮಗೂ ಸನ್ಮಾನ ಎಂದರು. ನನಗೆ ಮೊದಲು ಬಂದದ್ದು ಸಿಟ್ಟು. ಸನ್ಮಾನ ಎಂಬ ಶಬ್ದ ಕೇಳಿದರೇ ನನಗೆ ಆಗಿಬರುವುದಿಲ್ಲ.

"ನಂಗ್ಯಂತಕೆ ಮಾರಾಯಾ? ನಾ ಬದುಕಿ ಬಂದವ" ಎಂದೆ.

"ವೈರಿ ಬಂದದ್ದು ಮೊದ್ಲು ಕಂಡವ್ರು ನೀವೇ ಅಲ್ವ? ಊರಿಗೆಲ್ಲಾ ಗೊತ್ತದೆ" ಎಂದ ಒಬ್ಬ. ನಾನು ಒಳಗೆ ಹೋಗಿ ನೀರು ತರುವ ನೆಪ ಮಾಡಿದೆ. ಹೊರಗೆ ಬರುವಷ್ಟರಲ್ಲಿ ಅವರು ನನ್ನ ಹೆಸರು ಬರೆದುಕೊಂಡು ಆಗಿತ್ತು.

ಸೈನ್ಯ ಬಿಟ್ಟು ಬಂದು ಹತ್ತು ವರ್ಷ ದಾಟಿತು. ಮದುವೆಯಾಗಲಿಲ್ಲ. ಒಬ್ಬನಿಗೆ ಎರಡು ಬಂಗಡೆ ಸಾಕು, ಆದರೆ ಮೀನು ಮಾರುವವಳಿಗೆ ಎರಡು ಬಂಗಡೆ ಕೊಡುವುದೆಂದರೆ ಮುಖ ಗಂಟಾಗುತ್ತದೆ. ಹಾಗಾಗಿ ಎಂಟು ಕೊಳ್ಳುತ್ತೇನೆ, ನಾಲ್ಕು ದಿನ ಅದೇ ಸಾರು ಕುದಿಸಿ ಕುದಿಸಿ ಉಣ್ಣುತ್ತೇನೆ. ದಿನವಿಡೀ ಯಾರ ಹತ್ತಿರವೂ ಮಾತಾಡದ ದಿನಗಳಿವೆ. ಸಂಜೆ ದಂಡೆಯಲ್ಲಿ ಯಾರಾದರೂ "ಎಂತಾ ಸುದ್ದಿ" ಎಂದರೆ ನನ್ನ ಗಂಟಲು ಒಮ್ಮೆಲೇ ಬಿಡುವುದಿಲ್ಲ.

ನನ್ನ ಪಾಲಿಗೆ ಇದ್ದದ್ದು ಒಂದೇ ಮನೆ. ಸತ್ತವನು ನನ್ನ ಗೆಳೆಯ, ಹಣಕೋಣದ ಬೇಸಾಯದ ಮನೆಯವನು, ನನಗಿಂತ ಎರಡು ವರ್ಷ ದೊಡ್ಡವನು. ಅದಕ್ಕೆ ಅವನ ಹೆಂಡತಿಯನ್ನು ನಾನು ವೈನಿ ಎನ್ನುತ್ತಿದ್ದೆ, ಅಣ್ಣನ ಹೆಂಡತಿಗೆ ಅನ್ನುವ ಹಾಗೆ. ಅವನು ಸಾಯುವಾಗ ಮಗಳು ವೈನಿಯ ಹೊಟ್ಟೆಯಲ್ಲಿದ್ದಳು. ಈಗ ಅವಳು ಶಾಲೆಯಲ್ಲಿ ಕಲಿಸುತ್ತಾಳೆ. ತಿಂಗಳಿಗೊಮ್ಮೆ ಕಾರವಾರದಲ್ಲಿ ಬಸ್ಸು ಬದಲಿಸಿ, ಕಾಳಿ ಸೇತುವೆ ದಾಟಿ ಆ ಮನೆಗೆ ಹೋಗುತ್ತಿದ್ದೆ. ವೈನಿ ಬಡಿಸುತ್ತಿದ್ದರು, ಬೈಯುತ್ತಿದ್ದರು, ಬಟ್ಟೆಗೆ ಇಸ್ತ್ರಿ ಹಾಕಲಿಲ್ಲ ಎಂದು ಛೇಡಿಸುತ್ತಿದ್ದರು. ವಾಪಸು ಬಂದ ಮೇಲೆ ನಾಲ್ಕು ದಿನ ನನಗೆ ಮನುಷ್ಯನಾಗಿದ್ದೇನೆ ಅನ್ನಿಸುತ್ತಿತ್ತು.

ಆ ಮನೆಯಲ್ಲಿ ನಾನು ಒಂದು ಮಾತು ಹೇಳಿರಲಿಲ್ಲ. ಅದನ್ನು ಹೇಳಬೇಕಾದರೆ ನನ್ನ ಅಪ್ಪನ ಕೆಲಸದ ಬಗ್ಗೆ ಹೇಳಬೇಕು.

ಅಪ್ಪ ರಂಪಣಿ ಬಲೆಯ ಗುಂಪಿನಲ್ಲಿ ನೋಡುವವನು. ರಂಪಣಿ ಎಂದರೆ ದಂಡೆಯಿಂದ ಎಳೆಯುವ ದೊಡ್ಡ ಬಲೆ, ಎಳೆಯಲು ಊರೇ ಬೇಕು. ನೋಡುವವನು ಗುಡ್ಡದ ಮೇಲೆ ನಿಂತು ನೀರಿನ ಬಣ್ಣ ನೋಡುತ್ತಾನೆ. ಎಲ್ಲಿ ನೀರು ಕಪ್ಪಾಗಿ ಸರಿಯುತ್ತದೋ ಅಲ್ಲಿ ಮೀನಿನ ಹಿಂಡು. ಅವನು ಬಟ್ಟೆ ಬೀಸಿದರೆ ದೋಣಿ ಹೊರಡುತ್ತದೆ, ಗದ್ದೆಯಲ್ಲಿದ್ದವರೂ ಕೆಲಸ ಬಿಟ್ಟು ಓಡಿ ಬರುತ್ತಾರೆ. ಅದಕ್ಕೆ ಅಪ್ಪನದು ಒಂದು ಕಟ್ಟುನಿಟ್ಟು ಇತ್ತು: ಮೊದಲ ಸಲ ಕಂಡಾಗ ಬೀಸಬಾರದು. ಕಣ್ಣು ಬೇರೆ ಕಡೆ ತಿರುಗಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಬೇಕು. ಎರಡನೇ ಸಲವೂ ಕಂಡರೆ, ಅದೂ ಜಾಗ ಬದಲಿಸಿ ಕಂಡರೆ ಮಾತ್ರ ಬೀಸಬೇಕು.

ಸೈನ್ಯ ಸೇರುವ ಹಿಂದಿನ ವರ್ಷ ಅಪ್ಪನಿಗೆ ಜ್ವರ ಬಂದು ನಾನು ಗುಡ್ಡದ ಮೇಲೆ ನಿಂತೆ. ಅವಸರಕ್ಕೆ ಬಿದ್ದು ಬೀಸಿಯೇಬಿಟ್ಟೆ. ಇಡೀ ಊರು ಎಳೆದ ಬಲೆಯಲ್ಲಿ ಬಂದದ್ದು ಕಸ ಮತ್ತು ಒಂದಿಷ್ಟು ಏಡಿ. ನಾನು ಕಂಡದ್ದು ಮೋಡದ ನೆರಳು. ಆಮೇಲೆ ಒಂದು ವರ್ಷ ನನ್ನನ್ನು ಯಾರೂ ಹೆಸರು ಹಿಡಿದು ಕರೆಯಲಿಲ್ಲ, ಮೋಡದ ಮೀನು ಎಂದೇ ಕರೆದರು. ನಾನು ಸೈನ್ಯಕ್ಕೆ ಓಡಿದ್ದರಲ್ಲಿ ದೇಶಭಕ್ತಿ ಎಷ್ಟಿತ್ತೋ ಆ ಹೆಸರಿನ ಅವಮಾನವೂ ಅಷ್ಟೇ ಇತ್ತು.

ಗಡಿಯ ಚೌಕಿಯಲ್ಲಿ ನಮ್ಮ ಕಡೆಯವರೆಂದರೆ ನಾನು ಮತ್ತು ಅವನು ಇಬ್ಬರೇ. ಕನ್ನಡ ಮಾತಾಡಲು ಬೇರೆ ಯಾರೂ ಇರಲಿಲ್ಲ. ಮಾತಿಗೆ ಮಾತು ಬಂದು ಮೋಡದ ಮೀನಿನ ಕಥೆ ಅವನಿಗೆ ಹೇಳಿಬಿಟ್ಟೆ, ಅವನು ಅದನ್ನು ಇಡೀ ತುಕಡಿಗೆ ಹಿಂದಿಯಲ್ಲಿ ಹೇಳಿ ನಗಿಸಿದ. ಅವನು ಸಾಯುವ ಒಂದು ವಾರ ಮೊದಲು ನಾನು ಕಾಡುಮೇಕೆಯ ಹಿಂಡು ನೋಡಿ ಆಚೆಯವರು ಬಂದರು ಎಂದು ಫೋನು ಮಾಡಿದ್ದೆ. ಕೆಳಗಿನ ಬಂಕರ್‌ನಿಂದ ಅವನೇ ಫೋನು ಎತ್ತಿ, "ಎಂತದಾ, ಮತ್ತೆ ಮೋಡ ಕಂಡ್ಯ?" ಎಂದು ನಕ್ಕಿದ್ದ. ನಾನೂ ನಕ್ಕಿದ್ದೆ, ಆದರೆ ಒಳಗೆ ಉರಿದಿತ್ತು.

ಆ ದಿನ ಮೇಲಿನ ಬಂಕರ್‌ನಲ್ಲಿ ಬೆಳಗಿನ ಪಹರೆ ನನ್ನದು. ಆಗಷ್ಟೇ ಬೆಳಕು ಹರಿದಿತ್ತು. ಎದುರಿನ ಇಳಿಜಾರಿನ ಹಿಮದಲ್ಲಿ ಕಪ್ಪಗೆ ಒಂದು ಸಾಲು ಸರಿದದ್ದು ಕಂಡೆ. ಕೂಡಲೇ ಮಂಜು ಮುಚ್ಚಿತು. ಫೋನಿನ ಮೇಲೆ ಕೈಯಿಟ್ಟೆ. ತೆಗೆದೆ. ಮತ್ತೆ ಕಾಣಲಿ, ಆಮೇಲೆ ಹೇಳೋಣ ಎಂದುಕೊಂಡೆ. ಕಣ್ಣು ಬೇರೆ ಕಡೆಗೂ ತಿರುಗಿಸಿದೆ, ಅಪ್ಪ ಹೇಳಿಕೊಟ್ಟ ಹಾಗೆ. ಮಂಜು ಹರಿಯಲು ಇಪ್ಪತ್ತು ನಿಮಿಷ ಹಿಡಿಯಿತು. ಹರಿದಾಗ ಅವರು ಕೆಳಗಿನ ಬಂಕರ್‌ನ ಬುಡದಲ್ಲಿದ್ದರು. ಆಗ ಫೋನು ಮಾಡಿದೆ. ಅವನು ಎತ್ತಿದ. ನಾನು ಹೇಳಿದ್ದು ಅವನಿಗೆ ಕೇಳಿಸಿತೋ ಇಲ್ಲವೋ, ಅಷ್ಟರಲ್ಲಿ ಗುಂಡು ಶುರುವಾಯಿತು.

ಜನ ಅದನ್ನು ಯುದ್ಧ ಎನ್ನುತ್ತಾರೆ. ನನಗೆ ನೆನಪಿರುವುದು ಬರೀ ಗಲಿಬಿಲಿ. ರೊಟ್ಟಿ ಲಟ್ಟಿಸುತ್ತಿದ್ದ ಅಡುಗೆಯವನ ಕೈಗೆ ಬಂದೂಕು ಕೊಟ್ಟರು, ಅವನ ಬೆರಳಲ್ಲಿ ಹಿಟ್ಟು ಹಾಗೇ ಇತ್ತು. ಕ್ಷೌರದವನು ಗುಂಡಿನ ಪೆಟ್ಟಿಗೆ ಹೊತ್ತ. ಹಿಂದಿನ ಠಾಣೆಯಿಂದ ಚೌಕಿ ಬಿಟ್ಟು ಬನ್ನಿ ಎಂದು ಆಜ್ಞೆ ಬಂತು, ಹತ್ತು ನಿಮಿಷಕ್ಕೆ ಹಿಡಿದು ನಿಲ್ಲಿ ಎಂದು ಬಂತು. ಈ ಹಂಗಾಮಿನಲ್ಲಿ ಆಚೆಯವರು ಗಡಿ ದಾಟುವುದಿಲ್ಲ ಎಂದು ದೊಡ್ಡವರೆಲ್ಲ ತೀರ್ಮಾನ ಮಾಡಿಕೊಂಡಿದ್ದರು, ಹಾಗಾಗಿ ಕಣ್ಣೆದುರು ಆಗುತ್ತಿದ್ದದ್ದನ್ನೂ ನಂಬಲಿಲ್ಲ. "ಸರಿಯಾಗಿ ನೋಡಿ ಹೇಳು" ಎಂದು ನನಗೇ ಗದರಿದರು. ಮಧ್ಯಾಹ್ನದ ಹೊತ್ತಿಗೆ ಚೌಕಿ ಹೋಯಿತು. ಕೆಳಗಿನ ಬಂಕರ್‌ನ ಆರು ಜನರಲ್ಲಿ ಒಬ್ಬನೂ ಬರಲಿಲ್ಲ.

ಆಮೇಲಿನ ತಿಂಗಳುಗಳಲ್ಲಿ ಇಡೀ ಸೈನ್ಯಕ್ಕೆ ಬೇರೆಯೇ ಕಾಯಿಲೆ ಹಿಡಿಯಿತು. ಹಿಂದೆ ಯಾರೂ ಏನನ್ನೂ ನಂಬುತ್ತಿರಲಿಲ್ಲ, ಈಗ ಎಲ್ಲವನ್ನೂ ನಂಬಿದರು. ಕಲ್ಲು ಉರುಳಿದರೆ ಗುಂಡು, ಗಾಳಿ ಬೀಸಿದರೆ ಗುಂಡು. ನೀರು ತರುವ ನಮ್ಮವರ ಮೇಲೆ ನಾವೇ ಹಾರಿಸಿದೆವು. ಒಂದೇ ತಟ್ಟೆಯಲ್ಲಿ ಉಂಡವರು ಒಬ್ಬರನ್ನೊಬ್ಬರು, ನೀನೇ ಮಲಗಿದ್ದೆ, ನೀನೇ ನೋಡಲಿಲ್ಲ ಎಂದು ಕೆಣಕಿದರು. ಆ ಚೌಕಿಯನ್ನು ವಾಪಸು ಹಿಡಿಯುವ ಹೊತ್ತಿಗೆ ನಮ್ಮ ತುಕಡಿಯಲ್ಲಿ ಗೆಳೆತನ ಅನ್ನುವುದೇ ಉಳಿದಿರಲಿಲ್ಲ.

ವಿಚಾರಣೆಯಲ್ಲಿ ಅಧಿಕಾರಿ ಕೇಳಿದರು, ಮೊದಲು ಕಂಡದ್ದು ಎಷ್ಟು ಹೊತ್ತಿಗೆ? ನಾನು ಎರಡನೇ ಸಲ ಕಂಡ ಹೊತ್ತು ಹೇಳಿದೆ. ಅವರು ಬರೆದುಕೊಂಡರು. ಹಾಗೆ ನಾನು, ವೈರಿಯನ್ನು ಕಂಡ ಕೂಡಲೇ ಎಚ್ಚರಿಸಿದ ಪಹರೆಯವನಾದೆ. ಹೇಡಿತನ ಅಂದರೆ ಗುಂಡಿಗೆ ಹೆದರುವುದೊಂದೇ ಅಲ್ಲ, ನನಗೆ ಚೆನ್ನಾಗಿ ಗೊತ್ತು.

ಈಗ ಕಟ್ಟೆಯ ಎದುರು ಅದನ್ನೇ ಮೈಕಿನಲ್ಲಿ ಹೇಳಿಸಿಕೊಳ್ಳಬೇಕು. ವೈನಿಯ ಪಕ್ಕದಲ್ಲಿ ಕೂತು. ಆಗುವುದಿಲ್ಲ ಅನ್ನಿಸಿತು. ಹೇಳಿದರೆ ಆ ಮನೆ ಹೋಗಬಹುದು ಎಂದೂ ಗೊತ್ತಿತ್ತು. ನಾಲ್ಕು ದಿನ ಅನ್ನ ಸೇರಲಿಲ್ಲ. ಐದನೇ ದಿನ ಬಸ್ಸು ಹತ್ತಿದೆ.

ವೈನಿ ಅಂಗಳದಲ್ಲಿ ಸಾರಿನ ಹುಳಿಗೆಂದು ಮುರುಗಲ ಹಣ್ಣು ಒಡೆದು ಸಿಪ್ಪೆ ಬಿಸಿಲಿಗೆ ಹರಡುತ್ತಿದ್ದರು. ಮಗಳು ಮನೆಯಲ್ಲಿರಲಿಲ್ಲ, ಕಾರವಾರಕ್ಕೆ ಹೋಗಿದ್ದಳು.

"ಬಾ ತಮ್ಮಾ. ಭಾಷಣ ಬರ್ದ್ಕಂಡು ಬಂದ್ಯ? ನಿಂಗೆ ಮಾತಾಡೂಕೆ ಎಲ್ಲಿ ಬತ್ತದೆ" ಎಂದರು.

ನಾನು ಕೂರಲಿಲ್ಲ. ನಿಂತೇ ಹೇಳಿದೆ. ಕಪ್ಪು ಸಾಲು, ಮಂಜು, ಫೋನಿನ ಮೇಲಿಟ್ಟು ತೆಗೆದ ಕೈ, ವಿಚಾರಣೆಯಲ್ಲಿ ಹೇಳಿದ ಸುಳ್ಳು. ಅವನು ಫೋನಿನಲ್ಲಿ ಮೋಡ ಎಂದು ನಕ್ಕಿದ್ದನ್ನು ಮಾತ್ರ ಹೇಳಲಿಲ್ಲ. ಸತ್ತವನ ಮೇಲೆ ಹಾಕಿದ ಹಾಗಾಗುತ್ತಿತ್ತು.

ವೈನಿಯ ಕೈ ನಿಂತಿತ್ತು. ಆಮೇಲೆ ಕೇಳಿದರು, "ಇಪ್ಪತ್ತು ನಿಮಿಷ ಮೊದ್ಲು ಹೇಳಿದ್ರೆ ಅವ್ರು ಎಂತ ಮಾಡ್ತಿದ್ರು?"

"ಕೆಳಗಿನ ಬಂಕರ್ ಬಿಟ್ಟು ಮೇಲೆ ಬರ್ತಿದ್ರು. ಬರೂಕೆ ಹದಿನೈದು ನಿಮಿಷ ಸಾಕು."

"ಉಳೀತಿದ್ರಾ?"

"ಗೊತ್ತಿಲ್ಲ ವೈನಿ. ಮೇಲಿದ್ದವ್ರು ಹೆಚ್ಚಿನವ್ರು ಉಳದ್ರು."

ಅವರು ಅಳಲಿಲ್ಲ. ಅತ್ತಿದ್ದರೆ ನನಗೆ ಏನಾದರೂ ಮಾಡಲು ಇರುತ್ತಿತ್ತು. ಸೆರಗಿನಲ್ಲಿ ಕೈ ಒರೆಸಿಕೊಂಡು, "ನೀ ಬಂದಾಗೆಲ್ಲಾ ನಾ ಅಂದ್ಕಂತಿದ್ದೆ, ಅವ್ರ ನೆನಪಾಗಿ ಬತ್ತ ಅಂತ. ನೀ ಬಂದದ್ದು ನಿನ್ ಸಂಕಟಕ್ಕೆ" ಎಂದರು.

"ಎಲ್ಲರೆದ್ರಿಗೂ ಹೇಳ್ತೆ ವೈನಿ. ಕಟ್ಟೆ ಮುಂದೆ ನಿಂತು ಹೇಳ್ತೆ."

"ಹೇಳ್ಬೇಡ." ಸ್ವರ ಏರಲಿಲ್ಲ. "ನನ್ ಮಗ್ಳು ಅಪ್ಪನ ಮುಖ ಕಂಡದ್ದು ಫೋಟೋದಲ್ಲಿ. ವೈರಿ ಎದ್ರಿಗೆ ನಿಂತು ಸತ್ರು ಅಂತ ಕೇಳಿ ದೊಡ್ಡದಾದವ್ಳು. ಯಾರೋ ಫೋನು ಮಾಡ್ಲಿಲ್ಲ, ಅದ್ಕೆ ಸತ್ರು ಅಂತ ಅವ್ಳಿಗೆ ಹೇಳೂದಾ? ನೀ ಹೇಳಿ ಹಗುರಾಗ್ತಿ. ಹೊರೂದು ಅವ್ಳು."

ವೈನಿ ಅಂಗಳದ ಸಿಪ್ಪೆಯನ್ನು ಒಂದು ಬದಿಗೆ ಸರಿಸಿದರು.

"ನೀ ಆ ದಿವ್ಸ ಬಾ. ಶಾಲು ಹೊದ್ಸಿದ್ರೆ ಹೊದ್ಕ. ಅವ್ರ ಬಗ್ಗೆ ನಾಕು ಒಳ್ಳೇ ಮಾತು ಹೇಳು. ಆಮೇಲೆ ಈ ಮನಿಗೆ ಬರ್ಬೇಡ ತಮ್ಮಾ." ಇಷ್ಟು ಹೇಳಿ ಮತ್ತೆ ಹಣ್ಣು ಒಡೆಯಲು ಕೂತರು. ಅವರು ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ.

ನಾನು ಹೋದೆ. ಇಸ್ತ್ರಿ ಹಾಕಿದ ಅಂಗಿ ಹಾಕಿಕೊಂಡು ವೈನಿಯ ಪಕ್ಕದ ಕುರ್ಚಿಯಲ್ಲಿ ಕೂತೆ. ವೈರಿಯನ್ನು ಮೊದಲು ಕಂಡ ಕಣ್ಣು ಇದು ಎಂದು ಮೈಕಿನಲ್ಲಿ ಹೇಳಿದರು. ಶಾಲು ಹೊದೆಸಿದರು. ಅವನು ಎಷ್ಟು ಧೈರ್ಯದವನು, ಎಷ್ಟು ನಗಿಸುತ್ತಿದ್ದ ಎಂದು ನಾನು ಹೇಳಿದೆ, ಅದರಲ್ಲಿ ಸುಳ್ಳೇನೂ ಇರಲಿಲ್ಲ. ಜನ ಚಪ್ಪಾಳೆ ತಟ್ಟಿದರು. ವೈನಿಯೂ ಎಲ್ಲರ ಜೊತೆ ತಟ್ಟಿದರು, ಎದುರಿನ ಶಾಲೆಯ ಗೋಡೆ ನೋಡುತ್ತಾ.

ಕಾರ್ಯಕ್ರಮ ಮುಗಿದ ಮೇಲೆ ಮಗಳು ಓಡಿ ಬಂದು ನನ್ನ ಕಾಲು ಮುಟ್ಟಿದಳು. ಅವಳ ಕಣ್ಣು ಒದ್ದೆಯಾಗಿತ್ತು. "ಕಾಕಾ, ಅಪ್ಪನ ಬಗ್ಗೆ ಇಷ್ಟೆಲ್ಲಾ ನೀವು ಯಾವತ್ತೂ ಹೇಳಿರ್ಲಿಲ್ಲ. ಮನೆಗೆ ಬನ್ನಿ, ಊಟ ಮಾಡ್ತಾ ಇನ್ನೂ ಹೇಳಿ" ಎಂದು ಕೈ ಹಿಡಿದಳು.

ನಾನು ವೈನಿಯ ಮುಖ ನೋಡಿದೆ.

"ಕಾಕಂಗೆ ಬಸ್ಸಿಗೆ ಹೊತ್ತಾತು, ಬಿಡು" ಎಂದರು ಅವರು.

"ಹೌದು ಮಗಾ, ಹೊತ್ತಾತು" ಎಂದು ಕೈ ಬಿಡಿಸಿಕೊಂಡು ರಸ್ತೆಗೆ ಬಂದೆ. ಮುಂದಿನ ಬಸ್ಸಿಗೆ ಇನ್ನೂ ಒಂದೂವರೆ ತಾಸಿತ್ತು.