ತಳದ ಪಾಲು

ಗುರುವಾರ ಸಂಜೆ ನಮ್ಮ ಮನೆಯ ಸಿಂಕಿನಲ್ಲಿ ಒಂದೇ ಒಂದು ಪಾತ್ರೆ ಇರುತ್ತದೆ. ಇದು ಲೋಕಕ್ಕೆ ಸಾರಬೇಕಾದ ಸಂಗತಿಯೇ ಎಂದು ನೀವು ಕೇಳಿದರೆ ನಾನು ವಾದಕ್ಕೆ ನಿಲ್ಲುವವನಲ್ಲ. ಆದರೆ ಉಳಿದ ಆರು ದಿನ ಅದೇ ಸಿಂಕಿನಲ್ಲಿ ಸಾರಿನ ಪಾತ್ರೆಯ ಮೇಲೆ ಪಲ್ಯದ ಬಾಣಲೆ, ಬಾಣಲೆಯ ಮೇಲೆ ಕುಕ್ಕರು, ಅದರ ನೆತ್ತಿಯಲ್ಲಿ ಕಲಶದಂತೆ ಒಗ್ಗರಣೆ ಸೌಟು, ಹೀಗೆ ಬೇಲೂರು ಹಳೇಬೀಡಿನ ಗುಡಿಗಳಿಗೂ ಉಳಿಯದ ಶಿಖರವೊಂದು ಎದ್ದು ನಿಂತಿರುತ್ತದೆ. ಅದು ಎಲ್ಲಿ ಕುಸಿಯುತ್ತದೋ ಎಂದು ಉಸಿರು ಬಿಗಿಹಿಡಿದು ಒಂದೊಂದನ್ನೇ ಕಳಚಿ ತೊಳೆಯುವ ಕೈಂಕರ್ಯ ನನ್ನದು. ಆದ್ದರಿಂದ ಆ ಒಂಟಿ ಪಾತ್ರೆಯ ದರ್ಶನದಿಂದ ನನಗೆ ಒದಗುವ ಶಾಂತಿ ಸಾಮಾನ್ಯವಾದುದಲ್ಲ.

ಗುರುವಾರದ ಅಡುಗೆ ನನ್ನದೇ. ನನ್ನ ಹೆಂಡತಿ ಹಾರನಹಳ್ಳಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಅಂದು ಹತ್ತನೇ ತರಗತಿಗೆ ವಿಶೇಷ ಪಾಠ ಮುಗಿಸಿ ಅವಳು ಅರಸೀಕೆರೆಯ ಬಸ್ಸು ಹತ್ತುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಕಾಲೇಜಿನ ಗುಮಾಸ್ತಿಕೆ ಮುಗಿಸಿ ನಾಲ್ಕೂವರೆಗೇ ಮನೆ ಸೇರುವ ನನಗೆ ಬರುವ ಅಡುಗೆ ಒಂದೇ, ಅವರೆಕಾಳು ಹಾಕಿದ ಮೆಂತ್ಯದ ಬಾತ್. ನಾಲ್ಕು ಪಾತ್ರೆ ಇಟ್ಟರೆ ನಾಲ್ಕು ಆತಂಕ. ಸಾರು ಉಕ್ಕೀತೆ, ಪಲ್ಯ ಸೀದೀತೆ, ಹಪ್ಪಳ ಕರಿಯುವಾಗ ಎಣ್ಣೆ ಸಿಡಿದು ಕಣ್ಣೇ ಹೋದೀತೆ ಎಂದು ಒಲೆಯಿಂದ ಒಲೆಗೆ ಹಾರುವುದರಲ್ಲಿ ನನ್ನ ಆಯುಸ್ಸು ಸವೆಯುತ್ತದೆ. ಒಂದು ಪಾತ್ರೆಯಾದರೆ ಆತಂಕವೂ ಒಂದೇ, ಅದನ್ನು ಒಂದು ಮುಚ್ಚಳದಿಂದ ಮುಚ್ಚಿಬಿಡಬಹುದು. ಅಕ್ಕಿ, ಕಾಳು, ಸೊಪ್ಪು, ನಮ್ಮ ಸೀಮೆಯಲ್ಲಿ ಯಾವುದಕ್ಕೂ ತಪ್ಪದ ತೆಂಗಿನಕಾಯಿಯ ಮಸಾಲೆ, ಎಲ್ಲವನ್ನೂ ಒಳಗೆ ಕಳಿಸಿ ಉರಿ ತಗ್ಗಿಸಿದ ಮೇಲೆ ಮನುಷ್ಯನಿಗೆ ಉಳಿಯುವ ಕೆಲಸ ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡು ಕೂರುವುದು. ಮುಚ್ಚಳದ ಅಂಚಿನಿಂದ ಆವಿ ಎಳೆಎಳೆಯಾಗಿ ಏಳುತ್ತದೆ. ಹೊರಗೆ ತೆಂಗಿನ ಗರಿಗಳ ಮೇಲೆ ಸಂಜೆಬಿಸಿಲು ಜಾರುತ್ತದೆ. ರೈಲೊಂದು ದೂರದಲ್ಲಿ ಕೂಗಿಕೊಂಡು ಹೋದರೂ, ಅದನ್ನು ಹತ್ತಬೇಕಾದವನು ನಾನಲ್ಲ ಎಂಬ ಸುಖದಲ್ಲಿ ಕಣ್ಣು ತಾನಾಗಿ ಮುಚ್ಚುತ್ತದೆ.

ಅಂಥ ಅರೆನಿದ್ದೆಯಲ್ಲಿ ನಾನು ಹೋಗಿ ಸೇರುವುದು ನಾನು ಹುಟ್ಟಿ ಬೆಳೆದ ಮಾದಿಹಳ್ಳಿಯ ಅಡುಗೆಮನೆಯನ್ನು. ಅಪ್ಪ ಅಲ್ಲಿಯ ಗುಡಿಯ ಪೂಜೆ ಮುಗಿಸಿ ಬರುವ ಹೊತ್ತಿಗೆ ಅಮ್ಮ ಸೌದೆ ಒಲೆಯ ಮೇಲೆ ದಪ್ಪ ತಳದ ತಪ್ಪಲೆಯಲ್ಲಿ ಇದೇ ಬಾತ್ ಮಾಡಿರುತ್ತಿದ್ದಳು. ಅಪ್ಪನಿಗೆ, ಅಕ್ಕನಿಗೆ, ನನಗೆ ಮೇಲಿನ ಮೆತ್ತನೆಯ ಅನ್ನ. ನಾವು ಕೈತೊಳೆಯಲು ಎದ್ದ ಮೇಲೆ ಒಲೆಯ ಮಗ್ಗುಲಿಂದ ಕರಕರ ಸದ್ದು. ಅಮ್ಮ ತಪ್ಪಲೆಯನ್ನು ಮುಂದಿಟ್ಟುಕೊಂಡು ತಳ ಹಿಡಿದ ಅನ್ನವನ್ನು ಸಟ್ಟುಗದಿಂದ ಕೆರೆದು ತಿನ್ನುತ್ತಿದ್ದಳು. ಕೇಳಿದರೆ, "ನಂಗೆ ಇದೇ ಇಷ್ಟ ಕಣೋ, ನೀನು ಆಡ್ಕೋ ಹೋಗು" ಎನ್ನುತ್ತಿದ್ದಳು.

ತಾಯಂದಿರ ಇಂಥ ಮಾತಿನ ಗೂಢಾರ್ಥ ತಿಳಿಯದಷ್ಟು ಮೂಢ ನಾನಲ್ಲ ಎಂಬುದು ನನ್ನ ಬಹುಕಾಲದ ಹೆಮ್ಮೆ. ಹಳೇಬೀಡಿನ ಗುಡಿಯ ಗೋಡೆಯಲ್ಲಿ ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿ ಆನೆಗಳಿವೆಯಲ್ಲ, ಮೇಲಿನ ಸಿಂಹ, ಕುದುರೆ, ದೇವಾನುದೇವತೆಗಳ ಭಾರವನ್ನೆಲ್ಲ ಹೊತ್ತು ಸದ್ದಿಲ್ಲದೆ ನಿಂತ ಆ ಆನೆಗಳನ್ನು ಕಂಡಾಗಲೆಲ್ಲ ನನಗೆ ಅಮ್ಮನ ನೆನಪಾಗುತ್ತಿತ್ತು. ಬೇಲೂರಿನಲ್ಲಿ ಅಕ್ಕನ ಹೊಸ ಮನೆಯ ಗೃಹಪ್ರವೇಶದ ದಿನ ಯಾರೋ ನನ್ನ ಕೈಗೆ ಮೈಕು ಕೊಟ್ಟ ತಪ್ಪಿಗೆ ಈ ಆನೆಗಳನ್ನೂ ತಪ್ಪಲೆಯ ತಳವನ್ನೂ ಸೇರಿಸಿ ಹತ್ತು ನಿಮಿಷ ಮಾತನಾಡಿಬಿಟ್ಟೆ. "ಮೇಲಿನದನ್ನೆಲ್ಲ ನಮಗೆ ಬಡಿಸಿ ಸೀದದ್ದನ್ನು ತಾನು ಉಂಡ ಜೀವ" ಎನ್ನುವಾಗ ಅತ್ತೇಬಿಟ್ಟೆ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಅಮ್ಮ ಮಾತ್ರ ತಲೆ ತಗ್ಗಿಸಿ ಕೈಚೀಲದಲ್ಲಿ ಏನನ್ನೋ ಬಹಳ ಹೊತ್ತು ಹುಡುಕುತ್ತಿದ್ದಳು. ಅವಳಿಗೂ ಕಣ್ಣು ತುಂಬಿರಬೇಕೆಂದುಕೊಂಡೆ.

ಆ ಭಾವಾವೇಶದಲ್ಲೇ ಹಾಸನಕ್ಕೆ ಹೋಗಿ ನಾನ್‌ಸ್ಟಿಕ್ ಪಾತ್ರೆಯೊಂದನ್ನು ತಂದೆ. ಅನ್ನ ಅದರ ತಳಕ್ಕೆ ಅಂಟುವುದು ಹಾಗಿರಲಿ, ನೀರೂ ನಿಲ್ಲದೆ ಜಾರುತ್ತಿತ್ತು. ಮಾದಿಹಳ್ಳಿ ಬಿಟ್ಟು ನಮ್ಮ ಜೊತೆ ಇರಲು ಬಂದಾಗ ಅಮ್ಮ ತಂದಿದ್ದ ಹಳೆಯ ತಪ್ಪಲೆ ಅಟ್ಟ ಸೇರಿತು. ಅಮ್ಮನಿಗೆ ಇನ್ನು ಮೇಲೆ ಮೊದಲ ಸೌಟು, ಅದೂ ನಟ್ಟನಡುವಿನ ಮೆತ್ತನೆಯ ಬಾತು, ಮೇಲೆ ತುಪ್ಪ. ನಾನು ಎದುರಿಗೆ ಕೂತು ಕೃತಾರ್ಥನಾಗಿ ನೋಡುತ್ತಿದ್ದೆ.

ಅಮ್ಮನ ತಟ್ಟೆಯಲ್ಲಿ ಅರ್ಧ ಹಾಗೇ ಉಳಿಯತೊಡಗಿದ್ದು ಆಮೇಲೆ. ಅವರೆಯ ಸೊಗಡಿಗೆ ಪ್ರಾಣ ಬಿಡುತ್ತಿದ್ದವಳು ನಾಲ್ಕು ತುತ್ತಿಗೆ ಕೈ ಹಿಂದೆಗೆದು "ಸಾಕು ಕಣೋ" ಎನ್ನುತ್ತಿದ್ದಳು. ನನ್ನಂಥವನಿಗೆ ಇಷ್ಟು ಸಾಲದೆ? ಅವಳ ಬಳೆಗಳು ಮೊದಲಿಗಿಂತ ಸಡಿಲವಾದಂತೆ ಕಂಡವು. ಎಪ್ಪತ್ತೆರಡರ ಜೀವ, ಬೆಳಗ್ಗೆ ಅವಳು ಏಳುವುದು ಐದು ನಿಮಿಷ ತಡವಾದರೆ ಬಾಗಿಲ ಬಳಿ ನಿಂತು ಉಸಿರು ಆಲಿಸುವ ಮಟ್ಟಕ್ಕೆ ನಾನು ಬಂದಿದ್ದೆ. ರಕ್ತಪರೀಕ್ಷೆ, ಹೊಟ್ಟೆಯ ಸ್ಕ್ಯಾನಿಂಗು ಎಲ್ಲ ಆಯಿತು. ಡಾಕ್ಟರು ಕಾಗದಗಳನ್ನು ನೋಡಿ, "ನಿಮ್ಮ ತಾಯಿಗೇನೂ ಆಗಿಲ್ಲ. ನಿಮ್ಮ ಬಿಪಿ ಒಂದ್ಸಲ ನೋಡೋಣ ಬನ್ನಿ" ಎಂದರು. ಮನೆಯಲ್ಲಿ ಹೆಂಡತಿ, "ನೀವು ಹೀಗೆ ಎದುರಿಗೆ ಕೂತು ತುತ್ತು ಎಣಿಸ್ತಿದ್ರೆ ಯಾರ ಗಂಟಲಲ್ಲಿ ಇಳಿಯುತ್ತೆ ರೀ?" ಎಂದಳು. ಆದರೂ ಆ ಅರ್ಧ ತಟ್ಟೆ ನನ್ನ ಕನಸಿನಲ್ಲೂ ಚಂದ್ರನಂತೆ ಕ್ಷೀಣಿಸುತ್ತಿತ್ತು.

ಈ ಅವರೆಯ ಕಾಲದಲ್ಲಿ ಅಮ್ಮ ಎರಡು ವಾರ ಬೇಲೂರಿನ ಅಕ್ಕನ ಮನೆಗೆ ಹೋಗಿದ್ದಳು. ಕರೆತರಲು ಭಾನುವಾರ ಹೋದೆ. ಜಾವಗಲ್ಲು, ಹಳೇಬೀಡು ದಾಟುವಾಗ ಬಸ್ಸಿನ ಕಿಟಕಿಗೆ ತಲೆಯಾನಿಸಿ, ಅಮ್ಮ ಇನ್ನೆಷ್ಟು ಬಡವಾಗಿದ್ದಾಳೋ ಎಂದು ಕಲ್ಪಿಸಿಕೊಳ್ಳುತ್ತ ಮಂಪರಿನಲ್ಲಿ ತೂಗಿದೆ. ಅಕ್ಕನ ಮನೆ ತಲುಪಿದಾಗ ಊಟದ ಹೊತ್ತು ಮೀರಿತ್ತು. ನಡುಮನೆ ನಿಶ್ಶಬ್ದವಾಗಿತ್ತು. ಅಡುಗೆಮನೆಯಿಂದ ಮಾತ್ರ ಸದ್ದು ಬರುತ್ತಿತ್ತು, ಕರಕರ.

ಕನಸೋ ಎಂದುಕೊಂಡೆ. ಅಮ್ಮ ಗೋಡೆಗೊರಗಿ ಕಾಲು ಚಾಚಿ ಕೂತಿದ್ದಳು. ಮುಂದೆ ತಪ್ಪಲೆ, ಪಕ್ಕದಲ್ಲಿ ಬಟ್ಟಲು ಮೊಸರು, ಕಣ್ಣು ಅರ್ಧ ಮುಚ್ಚಿತ್ತು. ಕೆನ್ನೆ ತುಂಬಿಕೊಂಡಿತ್ತು.

"ಅಕ್ಕ, ಅಮ್ಮಂಗೆ ಸೀದಿದ್ದು ಕೊಟ್ಟಿದ್ದೀಯಲ್ಲ" ಎಂದೆ, ಒಲೆಯ ಬಳಿ ನಿಂತಿದ್ದ ಅವಳತ್ತ ತಿರುಗಿ.

"ಬೇಕಂತ್ಲೇ ತಳ ಹಿಡಿಸಿದೀನಿ ಕಣೋ. ಇಲ್ದಿದ್ರೆ ನಿಮ್ಮಮ್ಮ ತಟ್ಟೆ ಮುಟ್ಟಲ್ಲ" ಎಂದಳು ಅಕ್ಕ, ತನಗೂ ಅವಳಿಗೂ ಸಂಬಂಧವೇ ಇಲ್ಲದವಳಂತೆ.

ಅಮ್ಮ ಕಣ್ಣು ತೆರೆದಳು. "ನಂಗೆ ಇದೇ ಇಷ್ಟ ಅಂತ ನಲವತ್ತು ವರ್ಷದಿಂದ ಹೇಳ್ತಾನೇ ಇದೀನಿ. ನೀನು ಮೈಕ್ ಹಿಡ್ಕೊಂಡು ಅಳ್ತಿದ್ದೆ. ಅಷ್ಟು ಜನದ ಮುಂದೆ ಎದ್ದು ನಿಂತು, ಇಲ್ಲಪ್ಪ, ಇವನು ಹೇಳ್ತಿರೋದು ಸುಳ್ಳು ಅನ್ನೋಕಾಗುತ್ತಾ?"

"ಆಮೇಲಾದ್ರೂ ಹೇಳಬಹುದಿತ್ತಲ್ಲಮ್ಮ."

"ಅಷ್ಟು ಆಸೆಯಿಂದ ಪಾತ್ರೆ ತಂದಿದ್ದೆ. ಬೇಜಾರು ಮಾಡ್ಕೋತೀಯ ಅಂತ ಸುಮ್ಮನೆ ತಿಂತಿದ್ದೆ. ಇಳೀತಾ ಇರಲಿಲ್ಲ, ಅಷ್ಟೆ."

ಸಟ್ಟುಗದ ತುದಿಯಿಂದ ಒಂದು ಚೂರು ಎಬ್ಬಿಸಿ ನನ್ನ ಕೈಗಿಟ್ಟಳು. ಹೊಗೆಯ ಘಮ, ಕಾಯಿಯ ಜಿಡ್ಡೆಲ್ಲ ಇಳಿದು ಗರಿಗರಿಯಾದ ಅನ್ನ, ಮೆಂತ್ಯದ ಕಹಿ ಸೀದು ಸಿಹಿಯ ಹೊಸಿಲಿಗೆ ಬಂದು ನಿಂತ ರುಚಿ. ನಾನು ಎರಡನೆಯ ಚೂರಿಗೆ ಕೈ ಚಾಚಿದೆ. ಅಮ್ಮ ತಪ್ಪಲೆಯನ್ನು ತನ್ನತ್ತ ಎಳೆದುಕೊಂಡು, "ಅದಕ್ಕೇ ನಿಮ್ಮನ್ನೆಲ್ಲ ಮೊದ್ಲು ಉಣ್ಸಿ ಎಬ್ಬಿಸ್ತಿದ್ದೆ" ಎಂದಳು.

ಅಮ್ಮ ತ್ಯಾಗ ಮಾಡಿದ್ದು ಸುಳ್ಳಲ್ಲ. ಆದರೆ ಅದನ್ನು ಮಾಡಿದ್ದು ಮಾದಿಹಳ್ಳಿಯ ಒಲೆಯ ಮುಂದಲ್ಲ. ಅರಸೀಕೆರೆಯಲ್ಲಿ, ನನ್ನ ಕಣ್ಣೆದುರೇ, ನನ್ನ ಸಂತೋಷಕ್ಕಾಗಿ, ತುಪ್ಪ ಸುರಿದ ಮೆತ್ತನೆಯ ಅನ್ನವನ್ನು ತುತ್ತು ತುತ್ತಾಗಿ ನುಂಗಿ ಮಾಡಿದ್ದಳು. ಕಂಡಿದ್ದಕ್ಕೆಲ್ಲ ಗೂಢಾರ್ಥ ಹಚ್ಚುವವನಿಗೆ ಎದುರಿಗೆ ಕೂತವರ ನೇರ ಮಾತು ಕೇಳಿಸದೆ ಹೋಗುತ್ತದೆ. ವಾಪಸು ಬರುವಾಗ ಹಳೇಬೀಡಿನಲ್ಲಿ ಬಸ್ಸು ನಿಂತಿತು. ಆನೆಗಳು ಅಲ್ಲಿಂದ ಕಾಣುವುದಿಲ್ಲ, ಆದರೆ ಮನಸ್ಸಿನಲ್ಲಿ ಅವು ಸಾಲಾಗಿ ಬಂದವು. ನಾನು ಭಾರ ಕಂಡ ಆ ಮುಖಗಳಲ್ಲಿ ಭಾರವೇ ಇರಲಿಲ್ಲ. ಸೊಂಡಿಲಾಡಿಸುತ್ತ, ಮುಂದೆಲ್ಲೋ ಕಬ್ಬಿನ ಗದ್ದೆ ಇದೆಯೆಂದು ತಿಳಿದಂತೆ ಹೊರಟಿದ್ದವು. ಪಕ್ಕದಲ್ಲಿ ಅಮ್ಮ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಳು. ಉಸಿರು ಸರಿಯಾಗಿದೆಯೇ ಎಂದು ಒಮ್ಮೆ ನೋಡಿದೆ, ಅಭ್ಯಾಸ.

ಮುಂದಿನ ಗುರುವಾರ ಅಟ್ಟದಿಂದ ತಪ್ಪಲೆ ಇಳಿಯಿತು. ಆಯುಸ್ಸೆಲ್ಲ ಸೀದೀತೆಂದು ಹೆದರಿದವನು ಈಗ ಬೇಕೆಂದೇ ಸೀಯಿಸಬೇಕು. ಮೂರು ಸಲ ಗ್ಯಾಸು ಆರಿಸಿ ಮೂರು ಸಲ ಹಚ್ಚಿದೆ. ನಡುಮನೆಯಿಂದ ಅಮ್ಮ, "ಗಾಬರಿ ಬೀಳ್ಬೇಡ್ವೋ, ಇನ್ನೂ ವಾಸನೆ ಬಂದಿಲ್ಲ" ಎಂದಳು.

ಈಗ ಗುರುವಾರ ಸಂಜೆ ನಮ್ಮ ಸಿಂಕಿನಲ್ಲಿ ಆ ಒಂದು ಪಾತ್ರೆಯೂ ಇರುವುದಿಲ್ಲ. ಹೆಂಡತಿ ತಟ್ಟೆಗಳನ್ನು ಒರೆಸಿಟ್ಟು ಉತ್ತರ ಪತ್ರಿಕೆ ಹಿಡಿದು ಕೂತಿರುತ್ತಾಳೆ. ನಾನು ಸ್ಕ್ರಬ್ಬರು ಹಿಡಿದು ಕಾಯುತ್ತ ನಿಂತಿರುತ್ತೇನೆ. ನಡುಮನೆಯಲ್ಲಿ ಅಮ್ಮ ತಪ್ಪಲೆ ಕೆರೆಯುವ ಕರಕರ ಸದ್ದು ಬರುತ್ತಲೇ ಇರುತ್ತದೆ. ಅದು ನಿಲ್ಲಲೆಂದು ನನಗೇನೂ ಆತುರವಿಲ್ಲ.