ಮೊಟ್ಟೆಯಕ್ಕನ ಹೆಬ್ಬೆರಳು

ಆಸ್ಪತ್ರೆಯ ಸರ್ವರ್ ಕೋಣೆಯಲ್ಲಿ ನಮ್ಮಕ್ಕನಿಗೆ ಟಾರ್ಚ್ ಹಿಡಿಯುವುದು, ಕೇಬಲ್ ಎಳೆಯುವುದು, ಅವಳಿಂದ ಬೈಸಿಕೊಳ್ಳುವುದು, ಹದಿನೇಳು ವರ್ಷಗಳಿಂದ ಇದೇ ನನ್ನ ಉದ್ಯೋಗ. ಸಂಬಳ ಮೊದಲೆರಡಕ್ಕೆ, ಮೂರನೆಯದು ಪುಕ್ಕಟೆ.

ಬಿಚ್ಚಿದ ಸ್ಕ್ರೂಗಳನ್ನೆಲ್ಲ ಅಕ್ಕ ಮೊಟ್ಟೆಯ ಟ್ರೇಯ ಗುಳಿಗಳಲ್ಲಿ ಸಾಲಾಗಿ ಇಡುತ್ತಾಳೆ. ಹಾಗಾಗಿ ಇಡೀ ಆಸ್ಪತ್ರೆಗೆ ಅವಳು ಮೊಟ್ಟೆಯಕ್ಕ. ಉಂಗುರ, ವಾಚು ಬಿಚ್ಚಿ ನನ್ನ ಜೇಬಿಗೆ ಹಾಕದೆ, ಮುಂಗೈಗೆ ಪಟ್ಟಿ ಕಟ್ಟಿ ಅದರ ತಂತಿಯನ್ನು ಸರ್ವರ್ ಪೆಟ್ಟಿಗೆಯ ಬಣ್ಣವಿಲ್ಲದ ಲೋಹಕ್ಕೆ ಸಿಕ್ಕಿಸದೆ ಅವಳು ಯಾವ ಬೋರ್ಡನ್ನೂ ಮುಟ್ಟಿದವಳಲ್ಲ. ಮೈಯಲ್ಲಿರುವ ಒಂದು ಚೂರು ಕರೆಂಟು ಸಾಕಂತೆ, ಬೋರ್ಡು ಸದ್ದಿಲ್ಲದೆ ಸಾಯಲು. ನಿನ್ನ ಮೈಯಲ್ಲಿರುವುದು ಚೂರಲ್ಲ ಎಂದು ಒಮ್ಮೆ ಹೇಳಿ, ನಾನು ಎರಡು ದಿನ ಊಟದ ಡಬ್ಬಿ ಇಲ್ಲದೆ ಕಳೆದೆ.

ಒಂದು ವರ್ಷದಿಂದ ಅಕ್ಕನ ಕಿವಿ ಮಂದವಾಗುತ್ತ ಬಂದಿತ್ತು. ಬೋರ್ಡು ಸರಿಯಾಗಿ ಕೂತರೆ ತುದಿಯ ಕೊಂಡಿ ಟಕ್ ಎನ್ನುತ್ತದೆ. ಆ ಸದ್ದು ಕೇಳಿದಾಗ ನಾನು ಗುಟ್ಟಾಗಿ ತಲೆಯಾಡಿಸುತ್ತಿದ್ದೆ, ಅವಳು ಮುಚ್ಚಳ ಹಾಕುತ್ತಿದ್ದಳು. ಹೇಗೋ ಸುದ್ದಿ ಮ್ಯಾನೇಜರ್ ಕಿವಿಗೆ ಬಿತ್ತು. ಅವರ ಕಿವಿ ಚೆನ್ನಾಗಿಯೇ ಇತ್ತು. ಮುಂದಿನ ಕೆಲಸವನ್ನು ಖುದ್ದಾಗಿ ನೋಡುತ್ತೇನೆ, ಎಡವಿದರೆ ಸ್ಟೋರಿಗೆ ಹಾಕುತ್ತೇನೆ ಎಂದರು. ಸ್ಟೋರೆಂದರೆ ರಟ್ಟಿನ ಡಬ್ಬ ಜೋಡಿಸಿಕೊಂಡು ಕೂರುವ ಕೆಲಸ. ಅಕ್ಕ ಒಂದು ವಾರ ನನ್ನನ್ನು ಬೈಯಲೇ ಇಲ್ಲ. ನನಗೆ ನಿಜಕ್ಕೂ ಭಯವಾಯಿತು.

ಸೋಮವಾರ ಬೆಳಗ್ಗೆ ಆ ಕೆಲಸ ಬಂದೇಬಿಟ್ಟಿತು. ನೆಟ್‌ವರ್ಕ್ ಬೋರ್ಡು ಕೆಟ್ಟು, ಹೊರಗೆ ಚೀಟಿ ಮಾಡಿಸುವವರ ಸಾಲು ಗೇಟು ಮುಟ್ಟಿತ್ತು. ಮ್ಯಾನೇಜರ್ ಕೈಕಟ್ಟಿ ನಿಂತರು. ಅಕ್ಕ ವೈರು ಕಿತ್ತು, ಒಳಗಿನ ಪುಟ್ಟ ದೀಪ ಆರುವವರೆಗೆ ಕಾದು, ಹಳೆಯ ಬೋರ್ಡನ್ನು ಅಂಚು ಹಿಡಿದು ನೆಟ್ಟಗೆ ಮೇಲೆತ್ತಿದಳು. ಹೊಸದನ್ನು ಅದು ಕೂರುವ ಸೀಳಿನ ನೇರಕ್ಕೆ ಹಿಡಿದು ಎರಡೂ ಹೆಬ್ಬೆರಳಿನಿಂದ ಒತ್ತಿದಳು. ಟಕ್.

ನಾನು ತಲೆಯಾಡಿಸಿದೆ. ಮ್ಯಾನೇಜರ್, ನನಗೂ ಕೇಳಿಸಿತು, ಮುಚ್ಚಳ ಹಾಕಿ ಎಂದು ಅವಸರ ಮಾಡಿದರು. ಅಕ್ಕ ಮುಚ್ಚಳ ಮುಟ್ಟಲಿಲ್ಲ. ಬೋರ್ಡಿನ ಅಂಚಿನುದ್ದಕ್ಕೂ ಹೆಬ್ಬೆರಳು ಸವರಿಕೊಂಡು ಹೋಗಿ ಒಂದು ಕಡೆ ನಿಲ್ಲಿಸಿದಳು.

“ಇನ್ನೂ ಕೂತಿಲ್ಲ ಸಾರ್. ಈ ತುದಿ ಒಂದು ಕಾಗದದಷ್ಟು ಮೇಲಿದೆ.”

ನಮ್ಮಿಬ್ಬರಿಗೂ ಕೇಳಿಸಿದೆಯಲ್ಲ ಎಂದರು ಅವರು.

“ನಿಮಗೆ ಕೇಳಿಸಿರಬಹುದು. ಆ ಸದ್ದು ನನಗೆ ಕೇಳಿಸಲ್ಲ ಸಾರ್, ವರ್ಷ ಆಯ್ತು. ಇವನು ತಲೆ ಆಡಿಸ್ತಾನೆ ನಿಜ. ಆದ್ರೆ ಬೆರಳಲ್ಲಿ ನೋಡ್ದೇ ನಾನು ಒಂದು ದಿನಾನೂ ಮುಚ್ಚಳ ಹಾಕಿಲ್ಲ.”

ನಾವು ಮುಚ್ಚಿಟ್ಟದ್ದನ್ನೆಲ್ಲ ಅವಳೇ ಅವರ ಮುಂದೆ ಹರವಿಬಿಟ್ಟಿದ್ದಳು. ಮತ್ತೆ ಒತ್ತಿದಳು. ಈ ಸಲದ ಸದ್ದೇ ಬೇರೆ, ಗಟ್ಟಿಯಾಗಿ ಬಂತು. ವೈರು ಸಿಕ್ಕಿಸಿದೆವು; ಸ್ವಲ್ಪ ಹೊತ್ತಿಗೆ ಹಸಿರು ದೀಪ ಮಿನುಗಿತು, ಹೊರಗಿನ ಸಾಲು ಕದಲಿತು.

ಮ್ಯಾನೇಜರ್ ಕಟ್ಟಿದ ಕೈ ಬಿಚ್ಚಿದರು. ಸ್ಟೋರಿಗೆ ಬೇರೆ ಯಾರನ್ನಾದರೂ ನೋಡುತ್ತೇನೆ, ನೀವು ಮೊದಲು ಮೇಲಿನ ಮಹಡಿಯ ಕಿವಿ ಡಾಕ್ಟರಿಗೆ ತೋರಿಸಿ ಎಂದು ಹೇಳಿ ಹೊರಟರು. ನನಗೆ ಕಣ್ಣು ತುಂಬಿತು, ಸುಳ್ಳೇಕೆ ಹೇಳಲಿ.

ಉಂಗುರ ವಾಪಸು ಕೊಡುವಾಗ, ಹಾಗಾದರೆ ಮೊದಲು ಟಕ್ ಎಂದದ್ದೇನು ಎಂದು ಅಕ್ಕನ ಕಿವಿಯ ಹತ್ತಿರ ಬಾಯಿಟ್ಟು ಕೇಳಿದೆ.

“ನನ್ನ ಹೆಬ್ಬೆರಳ ಗೆಣ್ಣು ಕಣೋ. ವಯಸ್ಸಾಯ್ತಲ್ಲ, ಒತ್ತಿದ್ರೆ ಲಟಕ್ ಅನ್ನುತ್ತೆ. ವರ್ಷದಿಂದ ನೀನು ತಲೆ ಆಡಿಸ್ತಿರೋದು ಅದಕ್ಕೇ.”