ಪ್ರಭುದಾಸನ ನಲವತ್ತು ನಿಮಿಷ

ಚಿಂಚೋಳಿ ಬಸ್ ಡಿಪೋದ ಹಲಗೆಯಲ್ಲಿ ತನ್ನ ಹೆಸರಿನ ಮುಂದೆ ‘ತಾಂಡೂರು’ ಎಂದು ಬರೆದಿದ್ದನ್ನು ಓದಿ ಚಾಲಕ ಪ್ರಭುದಾಸನ ಎದೆ ಧಸಕ್ಕೆಂದಿತು. ಸೇಡಂ, ಚಿತ್ತಾಪುರ, ಶಹಾಬಾದಿನ ರಸ್ತೆಗಳಲ್ಲಿ ಹದಿನಾಲ್ಕು ವರ್ಷ ಬಸ್ಸು ಓಡಿಸಿದವನು ಅವನು, ರಸ್ತೆಗೆ ಹೆದರುವವನಲ್ಲ. ಹೆದರಿದ್ದು ಆ ದಾರಿಯ ಕೊನೆಗೆ. ತಾಂಡೂರು ತೆಲಂಗಾಣದ ಊರು. ಬಸ್ಸು ಅಲ್ಲಿ ನಲವತ್ತು ನಿಮಿಷ ನಿಲ್ಲುತ್ತದೆ, ಎದುರಿಗೇ ಅವನು ಹಿಂದೆ ಬಂದು ಹೆಂಡ ಕುಡಿಯುತ್ತಿದ್ದ ಸೇಂದಿ ದುಕಾನು.

ಅವನು ಸೇಂದಿ ಬಿಟ್ಟು ಹನ್ನೊಂದು ತಿಂಗಳಾಗಿತ್ತು. ಕುಡಿಯುತ್ತಿದ್ದದ್ದು ಮರದಿಂದ ಇಳಿಸಿದ ಬರೀ ಸೇಂದಿಯಲ್ಲ, ಮತ್ತೇರಿಸುವ ಬಿಳಿ ಪುಡಿ ಕಲಸಿದ್ದು. ಬಿಟ್ಟ ಮೊದಲ ವಾರ ಗೋಡೆಯ ತುಂಬ ಚೇಳುಗಳು ಹರಿದಾಡುವುದನ್ನು ಕಂಡು ಕಿರುಚಿದ್ದ. ಹೆಂಡತಿ ಸುವಾರ್ತಮ್ಮ ಆಸ್ಪತ್ರೆಗೆ ಸೇರಿಸಿ, ತಮ್ಮ ಸಭೆಯ ಪಾದ್ರಿ ಅಶೋಕಕುಮಾರರ ಜೊತೆ ಪಾಳಿಯಲ್ಲಿ ಅವನ ಮಂಚ ಕಾದಿದ್ದಳು.

ಅವಳಿಗೂ ಹೇಳದ ಒಂದು ಮಾತಿತ್ತು. ಬಿಡುವುದಕ್ಕೆ ಮುಂಚೆ ಒಂದು ಸಂಜೆ ಹಳ್ಳದ ಸೇತುವೆಯ ಹತ್ತಿರ ಅವನ ಬಸ್ಸು ರಸ್ತೆ ಬಿಟ್ಟು, ಮುಂದಿನ ಗಾಲಿ ಗಾಳಿಯಲ್ಲಿ ನಿಂತಿತ್ತು. ಒಳಗೆ ನಲವತ್ತೆರಡು ಜನ. ಎಮ್ಮೆ ಅಡ್ಡ ಬಂತು ಎಂದ. ಎಲ್ಲರೂ ನಂಬಿದರು. ಜೀವ ಉಳಿಸಿದೆ ಮಗನೇ ಎಂದು ಒಬ್ಬ ಮುದುಕಿ ಅವನ ಗಲ್ಲ ಸವರಿ ಲಟಿಕೆ ಮುರಿದಿದ್ದಳು. ಎಮ್ಮೆ ಇರಲೇ ಇಲ್ಲ, ಇದ್ದದ್ದು ಅವನ ಹೊಟ್ಟೆಯಲ್ಲಿನ ಸೇಂದಿ.

ಹಲಗೆ ನೋಡಿದವನು ಸೀದಾ ಪಕ್ಕದ ಚಂದಾಪುರಕ್ಕೆ, ಪಾದ್ರಿಯ ಮನೆಗೆ ಹೋದ.

“ದೇವ್ರು ನನ್ನ ಕೈ ಬಿಟ್ಟಾನೇನ್ರಿ ಅಯ್ನೋರ?”

“ಬಿಟ್ಟಿಲ್ಲಪ್ಪಾ. ಮನಸ್ಸು ಎಳಿಯೋ ಶೋಧನಿ ಬರೋದು ಪಾಪ ಅಲ್ಲ, ಕರ್ತ ಯೇಸುಗೂ ಬಂದಿತ್ತು. ಆದ್ರ ಅದರ ಜೋಡಿ ಕುಂತು ಮಾತಾಡ್ಬ್ಯಾಡ. ದೇವ್ರು ಎಲ್ಲಾ ಬಾಗ್ಲ ಮುಚ್ಚಂಗಿಲ್ಲ. ತೆರದದ್ದು ಯಾವುದದ ಅಂತ ಕೇಳು. ಕಂಡ್ರ ನಾಚ್ಕಿ ಬಿಟ್ಟು ಓಡು.”

ನಾಲ್ಕು ದಿನ ಪ್ರಭುದಾಸ ತಾಂಡೂರಿನಲ್ಲಿ ಸೀಟು ಬಿಟ್ಟು ಏಳಲಿಲ್ಲ. ಸ್ಟಿಯರಿಂಗ್ ಹಿಡಿದುಕೊಂಡೇ, ಚಿಕ್ಕಂದಿನಲ್ಲಿ ಅವ್ವ ಕಲಿಸಿದ ಪ್ರಾರ್ಥನೆಯನ್ನು ಮತ್ತೆ ಮತ್ತೆ ಹೇಳಿಕೊಂಡ.

ಐದನೆಯ ದಿನ ಬಿಸಿಲು ತಲೆ ಸೀಳುವಂತಿತ್ತು. ಕಂಡಕ್ಟರ್ ಬಷೀರಾ ಚಹಾಕ್ಕೆ ಇಳಿದು ಹೋದಳು. ಗಾಳಿ ತಿರುಗಿ ಹುಳಿ ವಾಸನೆ ಒಳಗೆ ಬಂತು. ಆಮೇಲೆ ನೋಡಿಕೊಂಡರೆ ಅವನು ದುಕಾನಿನ ನೆರಳಲ್ಲಿ ನಿಂತಿದ್ದ. ಯಾವಾಗ ಇಳಿದೆ, ಹೇಗೆ ರಸ್ತೆ ದಾಟಿದೆ, ಒಂದೂ ನೆನಪಿಲ್ಲ. ಅಂಗೈಯಲ್ಲಿ ಗ್ಲಾಸಿತ್ತು.

“ಭಾಳ ದಿನಕ್ಕ ಬಂದಿ ಅಣ್ಣಾ, ಕುಂದ್ರು,” ಎಂದ ದುಕಾನಿನವನು.

ಒಂದೇ ಗ್ಲಾಸು, ಏನೂ ಆಗುವುದಿಲ್ಲ ಎಂದು ಒಳಗಿಂದ ಒಂದು ದನಿ ಹೇಳಿತು. ಅದು ಸೈತಾನನ ಗಡುಸು ದನಿಯಾಗಿದ್ದರೆ ಇಷ್ಟು ಹೆದರುತ್ತಿರಲಿಲ್ಲವೇನೋ. ಅದು ಅವನದೇ ದನಿ, ತಣ್ಣಗಿತ್ತು. ಪ್ರಾರ್ಥನೆ ಪೂರ್ತಿ ಮರೆತುಹೋಗಿತ್ತು. “ಯೇಸಯ್ಯಾ” ಎಂಬ ಒಂದು ಮಾತಷ್ಟೇ ಬಾಯಿಗೆ ಬಂತು. ಬಾಗಿಲು ಎಲ್ಲಿ, ಯೇಸಯ್ಯಾ?

ಪಕ್ಕದ ಹೋಟೆಲಿನ ಮುಂದೆ ಬಷೀರಾ ಬೆನ್ನು ಮಾಡಿ ನಿಂತಿದ್ದಳು. ಇದೇ ಬಾಗಿಲೆಂದು ತಿಳಿಯಿತು. ಆದರೆ ಕೂಗಿದರೆ ನಾಳೆ ಇಡೀ ಡಿಪೋಕ್ಕೆ ಸುದ್ದಿ. ಗ್ಲಾಸು ಗದ್ದದ ತನಕ ಬಂದಿತ್ತು.

“ಬಷೀರಾ ಆಪಾ!”

ಅವಳು ಓಡಿ ಬಂದಳು. “ಏನಾತ್ರಿ?”

“ನಾ ಕುಡಕ ಇದ್ದೀನ್ರಿ. ನನ್ನ ಇಲ್ಲಿಂದ ಕರ್ಕೊಂಡ್ ಹೋಗ್ರಿ. ನನ್ನ ಕಾಲು ನನ್ನ ಮಾತು ಕೇಳವಲ್ದು.”

ಅವಳು ಗ್ಲಾಸು ಕಿತ್ತು ಕಟ್ಟೆಯ ಮೇಲಿಟ್ಟಳು. ಖಾಕಿ ಅಂಗಿಯ ತೋಳು ಹಿಡಿದು, ಜನ ನೋಡುತ್ತಿದ್ದಂತೆಯೇ ರಸ್ತೆ ದಾಟಿಸಿದಳು. ಬಸ್ಸಿನ ಬಾಗಿಲ ಬಳಿ ನಿಲ್ಲಿಸಿ, “ಉಸರು ಬಿಡ್ರಿ, ನೋಡ್ತೀನಿ. ನನಗೂ ಮಕ್ಳವ,” ಎಂದಳು. ಅವನು ಉಸಿರು ಬಿಟ್ಟ. ವಾಸನೆ ಇರಲಿಲ್ಲ. ಉಳಿದ ಹೊತ್ತು ಅವಳು ಬಾಗಿಲಿಗೆ ಅಡ್ಡ ಕೂತಳು. ಅವನು ಸ್ಟಿಯರಿಂಗ್ ಗಟ್ಟಿಯಾಗಿ ಹಿಡಿದದ್ದನ್ನು ಕಣ್ಣಾರೆ ಕಂಡ ಮೇಲೆಯೇ ಸೀಟಿ ಊದಿದಳು.

ಚಿಂಚೋಳಿಗೆ ಬಂದವನೇ ಪ್ರಭುದಾಸ ಮ್ಯಾನೇಜರ್ ಬಸವಲಿಂಗಪ್ಪನವರ ಕೋಣೆಗೆ ಹೋದ. ದಾರಿ ಬದಲಿಸಿಕೊಡಿ ಎಂದಷ್ಟೇ ಕೇಳಬೇಕೆಂದಿದ್ದ. ಬಾಯಿ ತೆರೆದಾಗ ಎಮ್ಮೆಯ ಸುಳ್ಳೂ ಹೊರಗೆ ಬಂತು. ಸಾಹೇಬರು ಒಂದು ಬಿಳಿ ಹಾಳೆ ತೆಗೆದು ಮೇಜಿನ ಮೇಲಿಟ್ಟರು.

“ಇದನ್ನ ಬರದು ಕೊಟ್ರ ನಿನ್ನ ನೌಕರಿ ಉಳೀತದಂತ ನಾ ಹೇಳಂಗಿಲ್ಲ ನೋಡು.”

“ಗೊತ್ತದ್ರಿ.” ಅವನು ಹಾಳೆ ಎಳೆದುಕೊಂಡ. ಎಲ್ಲವನ್ನೂ ಬರೆದುಕೊಟ್ಟ.

ಆರು ತಿಂಗಳು ಅಮಾನತಾಯಿತು. ವಿಚಾರಣೆ ಮುಗಿದ ಮೇಲೆ ನೌಕರಿ ಉಳಿಯಿತು, ಸ್ಟಿಯರಿಂಗ್ ಹೋಯಿತು. ಈಗ ಅವನು ಡಿಪೋದ ವರ್ಕ್‌ಶಾಪಿನಲ್ಲಿ ಗಾಲಿ ಬಿಚ್ಚಿ ಜೋಡಿಸುತ್ತಾನೆ. ಸುವಾರ್ತಮ್ಮ ಸುಳ್ಳಿನ ವಿಷಯ ಕೇಳಿ ಎರಡು ದಿನ ಮಾತು ಬಿಟ್ಟಿದ್ದಳು. ಮೂರನೆಯ ದಿನ ತಾನೇ ಅವನು ಕೂತಿದ್ದಲ್ಲಿಗೆ ರೊಟ್ಟಿ ತಂದುಕೊಟ್ಟಿದ್ದಳು. ಇವತ್ತು ಬುತ್ತಿ ಕಟ್ಟಿಕೊಂಡು ವರ್ಕ್‌ಶಾಪಿಗೆ ಬಂದಳು.

“ಇನ್ನಾ ಕುಡದ್ಬಿಡ್ತೀನಂತ ಅಂಜಿಕಿ ಬರ್ತದೇನು?” ಎಂದು ಕೇಳಿದಳು.

“ಬರ್ತದ. ನಿನ್ನೇನೂ ಬಂದಿತ್ತು.”

“ಬಂದ್ರ ಏನ್ ಮಾಡ್ತಿ?”

“ಒಬ್ನೇ ಇರಂಗಿಲ್ಲ. ಅಯ್ನೋರಿಗಿ ಫೋನ್ ಹಚ್ತೀನಿ, ಇಲ್ಲಂದ್ರ ನಿನಗ ಒದರಿ ಕರೀತೀನಿ.”

“ಒದರು,” ಎಂದು ಅವಳು ರೊಟ್ಟಿಯ ಗಂಟು ಬಿಚ್ಚಿದಳು.